ಮಂತ್ರಿ ಕಾರಿಗೆ ರಿವರ್ಸ್ ಗೇರ್ ಹಾಕಿಸಿದ ಯೂನಿಫಾರ್ಮಿನ ಮಕ್ಕಳು

ಮೊನ್ನೆ ಸಂಜೆ ಐದೂವರೆ ಗಂಟೆ. ಬಸ್‌ಸ್ಟ್ಯಾಂಡಿನ ಎದುರಿನ ಹಣ್ಣಿನಂಗಡಿಯ ಬದಿಯಲ್ಲಿ ನಿಂತಿದ್ದೆ. ಒಂದೇ ರೂಟಿನ ಎರಡು ಬಸ್ಸು ಹಾರ್ನ್ ಬಾರಿಸಿಕೊಂಡು ಒಂದರ ಹಿಂದೆ ಒಂದು ನುಗ್ಗಿ ಬಂದವು. ಹಿಂದಿನದ್ದು ಮುಂದಿನದ್ದನ್ನು ಅಡ್ಡ ಹಾಕಿ ನಿಲ್ಲಿಸಿತು. ಇಬ್ಬರು ಕಂಡಕ್ಟರುಗಳೂ ಕೆಳಗೆ ಹಾರಿ ಟೈಮ್ ಕೀಪರನ ಎದುರು ಜಗಳಕ್ಕೆ ನಿಂತರು. ಜಗಳ ಒಂದು ನಿಮಿಷದ್ದು. ‘ನನ್ನ ಟೈಮಿನಲ್ಲಿ ಅವ ಯಾಕೆ ಬಂದ?’ ಅಂತ.

ಹಣ್ಣಿನಂಗಡಿಯವರು ನನ್ನ ಕಡೆ ತಿರುಗಿ, ‘ನೋಡಿ ಮಾರಾಯ್ರೆ, ಒಂದು ನಿಮಿಷಕ್ಕೆ ಹೊಡ್ಕೊಳ್ತಾರೆ. ಆ ನಿಮಿಷ ಉಳಿಸಿ ಇವ್ರು ಎಂತ ಮಾಡ್ತಾರೆ?’ ಅಂದರು. ಪಕ್ಕದಲ್ಲಿ ಬ್ಯಾಗು ಹೊತ್ತು ನಿಂತಿದ್ದ ಕಾಲೇಜು ಹುಡುಗ ನಕ್ಕು, ‘ನಾವು ಪಾಸಿನವ್ರು ನಾಲ್ಕು ಜನ ನಿಂತಿದ್ರೆ ಆ ನಿಮಿಷ ಉಳಿಸ್ಲಿಕ್ಕೆ ನಿಲ್ಸುದೇ ಇಲ್ಲ ಅಂಕಲ್’ ಅಂದ.

ಎರಡೇ ಮಾತು. ಒಂದು ಪ್ರಾಣದ್ದು, ಒಂದು ಟಿಕೇಟಿನದ್ದು. ಇವೆರಡನ್ನೂ ಒಟ್ಟಿಗೆ ಹಿಡಿದುಕೊಂಡು ಒಂದು ದೇಶದ ರಾಜಧಾನಿಯನ್ನೇ ಒಂಬತ್ತು ದಿನ ನಿಲ್ಲಿಸಿದ ಮಕ್ಕಳ ಕತೆ ಬಾಂಗ್ಲಾದೇಶದಲ್ಲಿ ನಡೆದಿದೆ. ನಮ್ಮ ಪೇಪರುಗಳಲ್ಲಿ ಅದು ಒಳಪುಟದಲ್ಲಿ ಬಂದು ಹೋಯಿತು. ಬಸ್ಸಿನಲ್ಲಿ ಓಡಾಡುವ ನಮಗೆ, ಬಸ್ಸು ಬಂದರೆ ವ್ಯಾಪಾರ ಎನ್ನುವ ಅಂಗಡಿಯವರಿಗೆ ಅದು ಒಳಪುಟದ ಸುದ್ದಿಯಲ್ಲ. ಅದಕ್ಕೇ ಇವತ್ತು ಈ ಅಂಕಣ ಊರು ಬಿಟ್ಟು ಢಾಕಾಕ್ಕೆ ಹೊರಟಿದೆ.

ಜುಲೈ 29, ಮಧ್ಯಾಹ್ನ

2018ರ ಜುಲೈ 29, ಭಾನುವಾರ. ಅಲ್ಲಿ ವಾರದ ರಜೆ ಶುಕ್ರವಾರ. ಹಾಗಾಗಿ ಭಾನುವಾರ ಶಾಲೆ ಕಾಲೇಜು ಉಂಟು. ಢಾಕಾದ ಏರ್‌ಪೋರ್ಟ್ ರಸ್ತೆಯಲ್ಲಿ ಕುರ್ಮಿಟೋಲಾ ಎಂಬ ಜಾಗ. ಫ್ಲೈಓವರು ಇಳಿಯುವಲ್ಲಿ, ಶಹೀದ್ ರಮೀಜ್ ಉದ್ದೀನ್ ಕಂಟೋನ್ಮೆಂಟ್ ಕಾಲೇಜಿನ ಹುಡುಗ ಹುಡುಗಿಯರು ಮನೆಗೆ ಹೋಗಲು ಬಸ್ಸು ಕಾಯುತ್ತ ರಸ್ತೆ ಬದಿಯಲ್ಲಿ ನಿಂತಿದ್ದರು. ಒಂದೇ ಕಂಪನಿಯ, ಒಂದೇ ರೂಟಿನ ಬಸ್ಸುಗಳು ಆ ಮಕ್ಕಳನ್ನು ಯಾರು ಮೊದಲು ಹತ್ತಿಸಿಕೊಳ್ಳುವುದು ಎಂದು ಪೈಪೋಟಿಯಲ್ಲಿ ಬಂದವು. ಒಂದು ಬಸ್ಸು ಇನ್ನೊಂದನ್ನು ಹಿಂದಿಕ್ಕಲು ಹೋಗಿ ಕಾಯುತ್ತಿದ್ದವರ ಮೇಲೆಯೇ ಹತ್ತಿತು. ಹನ್ನೊಂದನೇ ಕ್ಲಾಸಿನ ಒಬ್ಬಳು ಹುಡುಗಿ, ಹನ್ನೆರಡನೆಯ ಒಬ್ಬ ಹುಡುಗ ಸತ್ತರು. ಇನ್ನೂ ಹಲವರು ಆಸ್ಪತ್ರೆ ಸೇರಿದರು.

ಆ ಹುಡುಗಿಯ ತಂದೆ ಯಾರು ಗೊತ್ತೇ? ಅವರೂ ಬಸ್ಸಿನ ಡ್ರೈವರೇ. ದೂರದ ಊರುಗಳಿಗೆ ಬಸ್ಸು ಓಡಿಸಿ ಮಗಳನ್ನು ಓದಿಸುತ್ತಿದ್ದವರು. ಹೀಗಾಗಿ ಈ ಕತೆಯಲ್ಲಿ ಡ್ರೈವರೆಂದರೆ ರಾಕ್ಷಸ, ವಿದ್ಯಾರ್ಥಿಯೆಂದರೆ ದೇವರು ಎಂದು ಗೆರೆ ಎಳೆಯಲು ಬರುವುದಿಲ್ಲ.

ಡ್ರೈವರು ಯಾಕೆ ಓಡಿಸುತ್ತಾನೆ ರೇಸು? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದೇ ಇಡೀ ವಿಷಯದ ಬುಡ. ಢಾಕಾದ ಖಾಸಗಿ ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ನಡೆಯುವುದು ಗುತ್ತಿಗೆ ಲೆಕ್ಕದಲ್ಲಿ. ಬೆಳಿಗ್ಗೆ ಡ್ರೈವರು ಮಾಲೀಕನಿಂದ ಬಸ್ಸು ತೆಗೆದುಕೊಳ್ಳುತ್ತಾನೆ. ರಾತ್ರಿ ಇಷ್ಟು ಹಣ ಎಂದು ಮಾಲೀಕನಿಗೆ ಕಟ್ಟಬೇಕು. ಡೀಸೆಲ್ ಇವನದ್ದು. ದಾರಿಯಲ್ಲಿ ಅಲ್ಲಲ್ಲಿ ಕೊಡಬೇಕಾದ ‘ಚಂದಾ’ ಇವನದ್ದು. ಹೆಲ್ಪರನಿಗೂ ಕೊಡಬೇಕು. ಇಷ್ಟೆಲ್ಲ ಕಳೆದು ಉಳಿದದ್ದು ಅವನ ಮನೆಗೆ. ತಿಂಗಳ ಸಂಬಳವಿಲ್ಲ, ಕೈಯಲ್ಲಿ ನೇಮಕಾತಿ ಪತ್ರವಿಲ್ಲ, ಕೆಲಸಕ್ಕೆ ಗಂಟೆಯ ಲೆಕ್ಕವಿಲ್ಲ. ಅಂದ ಮೇಲೆ ಮುಂದಿನ ಸ್ಟಾಪಿನಲ್ಲಿ ನಿಂತ ಹತ್ತು ಜನ ಅಂದರೆ ಅವನಿಗೆ ಆ ದಿನದ ಅಕ್ಕಿ. ಹಿಂದಿನ ಬಸ್ಸು ಮುಂದೆ ಹೋದರೆ ಆ ಅಕ್ಕಿ ಹೋಯಿತು.

ತಮಾಷೆ ಏನೆಂದರೆ, ಈ ರೇಸು ನಡೆಯುವ ಊರಿನಲ್ಲಿ ವಾಹನಗಳ ಸರಾಸರಿ ವೇಗ ಗಂಟೆಗೆ 7 ಕಿಲೋಮೀಟರ್ ಎಂದು ವಿಶ್ವಬ್ಯಾಂಕು 2017ರಲ್ಲಿ ಲೆಕ್ಕ ಕೊಟ್ಟಿತ್ತು. ನಡೆದುಕೊಂಡು ಹೋಗುವವನಿಗಿಂತ ತುಸು ಬೇಗ, ಅಷ್ಟೆ. ಇಡೀ ದಿನ ಜಾಮಿನಲ್ಲಿ ಬೆವರಿ, ರಸ್ತೆ ಸ್ವಲ್ಪ ಖಾಲಿ ಕಂಡ ಕೂಡಲೇ ಕಳೆದುಕೊಂಡ ಟ್ರಿಪ್ಪನ್ನು ಅಲ್ಲೇ ಹಿಡಿಯಬೇಕು. ಏರ್‌ಪೋರ್ಟ್ ರಸ್ತೆ ಅಂತಹ ಖಾಲಿ ಸಿಗುವ ರಸ್ತೆ.

ಮಂತ್ರಿಗಳ ನಗು

ಸಾವಿನ ಸುದ್ದಿ ಬಂದ ದಿನವೇ ಪತ್ರಕರ್ತರು ನೌಕಾಯಾನ ಮಂತ್ರಿ ಶಾಜಹಾನ್ ಖಾನ್ ಅವರ ಮುಂದೆ ಮೈಕು ಹಿಡಿದರು. ನೌಕಾಯಾನದವರಿಗೂ ಬಸ್ಸಿಗೂ ಏನು ಸಂಬಂಧ ಎಂದು ಕೇಳಬೇಡಿ. ಮಂತ್ರಿಗಳು ಅದೇ ಹೊತ್ತಿನಲ್ಲಿ ರಸ್ತೆ ಸಾರಿಗೆ ಕಾರ್ಮಿಕರ ಫೆಡರೇಶನ್ನಿನ ಕಾರ್ಯಾಧ್ಯಕ್ಷರೂ ಆಗಿದ್ದರು! ಅವರು ನಗುನಗುತ್ತ ಹೇಳಿದ್ದೇನೆಂದರೆ: ಮಹಾರಾಷ್ಟ್ರದಲ್ಲಿ ಬಸ್ಸು ಬಿದ್ದು 33 ಜನ ಸತ್ತಿದ್ದಾರೆ, ಅಲ್ಲಿ ನಮ್ಮಷ್ಟು ಮಾತಾಡುತ್ತಾರಾ?

ಅವರು ಹೇಳಿದ ಮಹಾರಾಷ್ಟ್ರದ ಅಪಘಾತ ನಿಜ. ಹಿಂದಿನ ದಿನ, ಜುಲೈ 28ಕ್ಕೆ, ರಾಯಗಡ ಜಿಲ್ಲೆಯ ಅಂಬೇನಳಿ ಘಾಟಿಯಲ್ಲಿ ದಾಪೋಲಿ ಕೃಷಿ ವಿಶ್ವವಿದ್ಯಾಲಯದ ನೌಕರರ ಬಸ್ಸು ಕಂದರಕ್ಕೆ ಉರುಳಿತ್ತು. ನಮ್ಮ ದೇಶದ ಹೆಣಗಳನ್ನು ಲೆಕ್ಕಕ್ಕೆ ಹಿಡಿದು ಪಕ್ಕದ ದೇಶದ ಮಂತ್ರಿ ತಮ್ಮ ದೇಶದ ಹೆಣಗಳನ್ನು ಸಣ್ಣದು ಮಾಡಿದರು. ನಮಗೆ ಸಿಟ್ಟು ಬರಬೇಕು. ಆದರೆ ಅವರ ಮಾತಿನಲ್ಲಿ ಚುಚ್ಚುವುದೊಂದು ಉಂಟು. ನಮ್ಮಲ್ಲಿ ನಿಜಕ್ಕೂ ಯಾರು ಮಾತಾಡಿದರು? 2022ರ ಒಂದು ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಇದು ನಮ್ಮ ಕೇಂದ್ರ ಸರ್ಕಾರದ್ದೇ ಲೆಕ್ಕ. ಯಾವ ಮಂತ್ರಿಯ ಕುರ್ಚಿ ಅಲುಗಾಡಿತು?

ಇದೇ ಖಾನ್ ಸಾಹೇಬರು 2011ರಲ್ಲೂ ಸುದ್ದಿಯಾಗಿದ್ದರು. ಆ ವರ್ಷದ ಜುಲೈಯಲ್ಲಿ ಚಿತ್ತಗಾಂಗ್ ಕಡೆಯ ಮೀರ್‌ಸರಾಯಿಯಲ್ಲಿ ಫುಟ್‌ಬಾಲ್ ಮ್ಯಾಚು ನೋಡಿ ಬರುತ್ತಿದ್ದ ನಲವತ್ತಕ್ಕೂ ಹೆಚ್ಚು ಶಾಲಾ ಹುಡುಗರು ಟ್ರಕ್ಕು ಮಗುಚಿ ಸತ್ತರು. ಆಗಸ್ಟಿನಲ್ಲಿ ಹೆಸರಾಂತ ಸಿನಿಮಾ ನಿರ್ದೇಶಕ ತಾರೇಕ್ ಮಸೂದ್ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಓದು ಬರಹ ಬಾರದವರಿಗೆ ಲೈಸೆನ್ಸ್ ಕೊಡುವುದೇ ಎಂಬ ಪ್ರಶ್ನೆ ಬಂದಾಗ, ದನ, ಆಡು, ಮನುಷ್ಯರನ್ನು ಗುರುತು ಹಿಡಿದರೆ, ಸಿಗ್ನಲ್ ಗೊತ್ತಾದರೆ ಸಾಕು ಎಂಬ ಅರ್ಥದಲ್ಲಿ ಮಾತಾಡಿದವರು ಇವರೇ. ಹಾಗಾಗಿ 2018ರ ನಗು ಮಕ್ಕಳಿಗೆ ಹೊಸದಾಗಿ ಕಾಣಲಿಲ್ಲ. ಮಂತ್ರಿಗಳು ಆಮೇಲೆ ಕ್ಷಮೆ ಕೇಳಿದರು. ಅಷ್ಟರಲ್ಲಿ ಆ ನಗು ಮೊಬೈಲಿನಿಂದ ಮೊಬೈಲಿಗೆ ಹಾರಿ ದೇಶವೆಲ್ಲ ಸುತ್ತಿತ್ತು.

ರಿಕ್ಷಾಕ್ಕೆ ಬೇರೆ ಸಾಲು, ಅಂಬುಲೆನ್ಸಿಗೆ ಬೇರೆ

ಮೊದಲ ಎರಡು ದಿನ ಕಲ್ಲು ಬಿದ್ದದ್ದು ಹೌದು. ಬಸ್ಸಿನ ಗಾಜು ಪುಡಿಯಾಯಿತು, ಕೆಲವು ಬಸ್ಸಿಗೆ ಬೆಂಕಿಯೂ ಬಿತ್ತು. ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಆಮೇಲೆ ನಡೆದದ್ದು ಬೇರೆಯೇ.

ಶಾಲೆಯ ಯೂನಿಫಾರ್ಮಿನಲ್ಲಿ, ಬೆನ್ನಿಗೆ ಬ್ಯಾಗು, ಕುತ್ತಿಗೆಯಲ್ಲಿ ಗುರುತಿನ ಕಾರ್ಡು ಹಾಕಿಕೊಂಡು ಹದಿಮೂರು ಹದಿನಾಲ್ಕು ವರ್ಷದ ಮಕ್ಕಳೂ ರಸ್ತೆಗೆ ಇಳಿದರು. ಇಳಿದವರು ರಸ್ತೆ ಬಂದ್ ಮಾಡಿ ಕೂತಿದ್ದರೆ ಅದು ಇನ್ನೊಂದು ಬಂದ್ ಆಗುತ್ತಿತ್ತು. ಇವರು ಟ್ರಾಫಿಕ್ ನಡೆಸಲು ನಿಂತರು! ರಿಕ್ಷಾಗಳಿಗೆ ಒಂದು ಸಾಲು, ಕಾರುಗಳಿಗೆ ಒಂದು ಸಾಲು, ಅಂಬುಲೆನ್ಸಿಗೆ ಅಂತಲೇ ಖಾಲಿ ಬಿಟ್ಟ ಇನ್ನೊಂದು ಸಾಲು. ಢಾಕಾದವರು ಕಣ್ಣುಜ್ಜಿ ನೋಡಿದರು. ಸಾಲಿನಲ್ಲಿ ಹೋಗುವ ರಿಕ್ಷಾ ಆ ಊರಿನಲ್ಲಿ ಅಷ್ಟು ಅಪರೂಪ.

ಜೊತೆಗೆ ತಪಾಸಣೆ. ಬಂದ ಬಂದ ಗಾಡಿ ನಿಲ್ಲಿಸಿ ಲೈಸೆನ್ಸ್ ತೋರಿಸಿ, ಗಾಡಿಯ ಫಿಟ್‌ನೆಸ್ ತೋರಿಸಿ ಅಂದರು. ಇದ್ದವರಿಗೆ ದಾರಿ. ಇಲ್ಲದವರ ಗಾಜಿನ ಮೇಲೆ ಮಾರ್ಕರಿನಲ್ಲಿ ‘ಲೈಸೆನ್ಸ್ ಇಲ್ಲ’ ಎಂಬ ಬರಹ. ಆಗ ಹೊರಬಿದ್ದದ್ದು ನೋಡಿ. ಪೋಲೀಸರ ಗಾಡಿಗೇ ಕಾಗದ ಇಲ್ಲ, ಸರ್ಕಾರಿ ಗಾಡಿಗಳ ಡ್ರೈವರುಗಳ ಜೇಬಿನಲ್ಲಿ ಲೈಸೆನ್ಸ್ ಇಲ್ಲ. ಜಲಸಂಪನ್ಮೂಲ ಮಂತ್ರಿಗಳ ಡ್ರೈವರಿನ ಬಳಿ ಕಾಗದ ಸಿಗದೆ ಮಂತ್ರಿಗಳು ಆ ಕಾರು ಬಿಟ್ಟು ಬೇರೆ ಕಾರು ಹತ್ತಬೇಕಾಯಿತು. ಅತ್ತ ಸಾರಿಗೆ ಕಚೇರಿಯ ಎದುರು ಲೈಸೆನ್ಸಿಗೆ, ಫಿಟ್‌ನೆಸ್ಸಿಗೆ ಒಮ್ಮೆಲೇ ಜನ ಮುಗಿಬಿದ್ದರು. ಹಿಂದೆ ಯಾವ ಸುತ್ತೋಲೆಯೂ ಅಷ್ಟು ಕೆಲಸ ಮಾಡಿರಲಿಕ್ಕಿಲ್ಲ.

ಇನ್ನು ನನ್ನ ಮೆಚ್ಚಿನ ದೃಶ್ಯ. ವಾಣಿಜ್ಯ ಮಂತ್ರಿ ತೋಫಾಯೆಲ್ ಅಹ್ಮದ್ ಅವರ ಕಾರು ರಾಂಗ್ ಸೈಡಿನಲ್ಲಿ ಬಂತು. ಮಕ್ಕಳು ಸುತ್ತುವರಿದು, ಕಾನೂನು ಎಲ್ಲರಿಗೂ ಒಂದೇ ಎಂದು ಕೂಗಿದರು. ಕಾರು ತಿರುಗಿ ಹೋಯಿತು. ಇದರಲ್ಲೇನು ವಿಶೇಷ ಅನ್ನುತ್ತೀರಾ? ಈ ತೋಫಾಯೆಲ್ ಅಹ್ಮದ್ ಯಾರು? 1969ರಲ್ಲಿ ಅದು ಪೂರ್ವ ಪಾಕಿಸ್ತಾನ. ಅಯೂಬ್ ಖಾನರ ವಿರುದ್ಧ ಎದ್ದ ವಿದ್ಯಾರ್ಥಿ ಚಳವಳಿಯ ಮುಂದಾಳು, ಢಾಕಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದ ಉಪಾಧ್ಯಕ್ಷ. ಆ ಚಳವಳಿಯ ಹನ್ನೊಂದು ಬೇಡಿಕೆಗಳ ಪಟ್ಟಿಯಲ್ಲಿ, ಗುರುತಿನ ಕಾರ್ಡು ತೋರಿಸಿದ ವಿದ್ಯಾರ್ಥಿಗಳಿಗೆ ರೈಲು, ಸ್ಟೀಮರು, ಲಾಂಚುಗಳಲ್ಲಿ ಅರ್ಧ ದರ ಎಂಬುದೂ ಸೇರಿತ್ತು. ನಲವತ್ತೊಂಬತ್ತು ವರ್ಷದ ನಂತರ ಅದೇ ಅರ್ಧ ದರ ಕೇಳುವ ಮಕ್ಕಳು ಅದೇ ಮುಂದಾಳಿನ ಕಾರನ್ನು ರಾಂಗ್ ಸೈಡಿನಲ್ಲಿ ಹಿಡಿದರು. ಅಧಿಕಾರದಲ್ಲಿ ಕೂತರೆ ರಸ್ತೆಯ ಎಡಬಲ ಮರೆತುಹೋಗುತ್ತದೋ ಏನೋ.

ಮಕ್ಕಳ ಬೇಡಿಕೆ ಒಂಬತ್ತು. ಅಡ್ಡಾದಿಡ್ಡಿ ಓಡಿಸಿ ಕೊಂದವರಿಗೆ ಗಲ್ಲು, ನಕ್ಕ ಮಂತ್ರಿಯ ಕ್ಷಮಾಪಣೆ, ಶಾಲೆಗಳ ಎದುರು ದಾಟಲು ಮೇಲ್ಸೇತುವೆ, ಅಪಘಾತದ ಜಾಗಗಳಲ್ಲಿ ಹಂಪು, ಸತ್ತ ಗಾಯಗೊಂಡ ಬಡ ವಿದ್ಯಾರ್ಥಿಗಳ ಹೊಣೆ ಸರ್ಕಾರಕ್ಕೆ, ವಿದ್ಯಾರ್ಥಿಗಳು ಕೈ ತೋರಿಸಿದರೆ ಬಸ್ಸು ನಿಲ್ಲಿಸಬೇಕು, ದೇಶವಿಡೀ ಅರ್ಧ ಟಿಕೇಟು, ಫಿಟ್‌ನೆಸ್ಸಿಲ್ಲದ ಗಾಡಿ ಲೈಸೆನ್ಸಿಲ್ಲದ ಡ್ರೈವರು ಬಂದ್, ಬಸ್ಸಿನೊಳಗೆ ಕುರಿ ತುಂಬಿದ ಹಾಗೆ ತುಂಬುವಂತಿಲ್ಲ.

ಗಲ್ಲಿನ ಬೇಡಿಕೆ ನನಗೆ ಒಪ್ಪಿಗೆಯಿಲ್ಲ. ಡ್ರೈವರನ್ನು ನೇಣಿಗೆ ಹಾಕಿ ಗುತ್ತಿಗೆ ಲೆಕ್ಕ ಹಾಗೇ ಬಿಟ್ಟರೆ ಮರುದಿನ ಇನ್ನೊಬ್ಬ ಅದೇ ಸ್ಟಿಯರಿಂಗು ಹಿಡಿದು ಅದೇ ರೇಸು ಓಡಿಸುತ್ತಾನೆ. ಆದರೆ ಉಳಿದ ಎಂಟನ್ನು ಓದಿ ನೋಡಿ. ಇಷ್ಟು ಸಾದಾ, ಇಷ್ಟು ಮನೆಮಾತಿನ ಬೇಡಿಕೆಗಳಿಗೆ ಒಂದು ಸರ್ಕಾರ ಹೆದರಿತಲ್ಲ!

ಅವರ ಕೈಯಲ್ಲಿದ್ದ ಒಂದು ಬೋರ್ಡು ಬಹಳ ಪ್ರಸಿದ್ಧಿಗೆ ಬಂತು: ರಾಷ್ಟ್ರದ ದುರಸ್ತಿ ನಡೆಯುತ್ತಿದೆ, ತಾತ್ಕಾಲಿಕ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ರಸ್ತೆ ಅಗೆದಲ್ಲಿ ಕಾಂಟ್ರಾಕ್ಟರು ನಿಲ್ಲಿಸುವ ಬೋರ್ಡಿನ ಭಾಷೆ.

ಹೆಲ್ಮೆಟ್ ಹಾಕಿದವರು

ಸರ್ಕಾರ ಮೊದಲು ಹಣ ಕೊಟ್ಟಿತು. ಪ್ರಧಾನಿ ಶೇಖ್ ಹಸೀನಾ ಸತ್ತ ಇಬ್ಬರ ಮನೆಯವರಿಗೂ 20 ಲಕ್ಷ ಟಾಕಾದ ಉಳಿತಾಯ ಪತ್ರ ಕೊಟ್ಟರು. ಆ ಕಾಲೇಜಿಗೆ ಐದು ಬಸ್ಸು ಸಿಕ್ಕಿತು. ಆಗಸ್ಟ್ 2ರಂದು ದೇಶದ ಎಲ್ಲ ಶಾಲೆ ಕಾಲೇಜಿಗೆ ರಜೆ ಕೊಟ್ಟರು, ಮಕ್ಕಳು ಮನೆಯಲ್ಲಿ ಇರಲಿ ಅಂತ. ಮಕ್ಕಳು ರಜೆಯ ದಿನವೂ ಯೂನಿಫಾರ್ಮ್ ಹಾಕಿಕೊಂಡು ಮಳೆಯಲ್ಲಿ ಬಂದು ನಿಂತರು. ಕೆಲವು ತಾಯಂದಿರು ಊಟ ಕಟ್ಟಿಕೊಂಡು ರಸ್ತೆಗೇ ಬಂದರು.

ಬಸ್ ಮಾಲೀಕರು ರಕ್ಷಣೆ ಇಲ್ಲ ಎಂದು ಬಸ್ಸುಗಳನ್ನು ಒಳಗೆ ಹಾಕಿದರು. ಕೆಲಸಕ್ಕೆ ಹೋಗುವವರು ಮೈಲುಗಟ್ಟಲೆ ನಡೆದರು. ನಾವು ನೀವು ಅಲ್ಲಿದ್ದರೆ ನಾಲ್ಕನೇ ದಿನಕ್ಕೆ ‘ಸಾಕಪ್ಪ ಈ ಹುಡುಗರ ಗಲಾಟೆ’ ಅನ್ನುತ್ತಿದ್ದೆವೇನೋ. ಆದರೂ ಆ ನಡೆದವರಲ್ಲಿ ಬಹಳ ಜನ ಮಕ್ಕಳ ಪಕ್ಷವೇ ಇದ್ದರು.

ಆಗಸ್ಟ್ 4 ಮತ್ತು 5ಕ್ಕೆ ಜಿಗಾತಲಾ, ಸೈನ್ಸ್ ಲ್ಯಾಬ್ ಕಡೆ ತಲೆಗೆ ಹೆಲ್ಮೆಟ್, ಕೈಯಲ್ಲಿ ದೊಣ್ಣೆ ಹಿಡಿದ ಗುಂಪು ವಿದ್ಯಾರ್ಥಿಗಳ ಮೇಲೂ ಫೋಟೋ ತೆಗೆಯುತ್ತಿದ್ದ ಪತ್ರಕರ್ತರ ಮೇಲೂ ಬಿತ್ತು. ಆಳುವ ಪಕ್ಷದ ವಿದ್ಯಾರ್ಥಿ ಘಟಕದವರೇ ಎಂದು ಏಟು ತಿಂದವರು ಹೇಳಿದರು, ಪಕ್ಷ ಅಲ್ಲವೆಂದಿತು. ಪೋಲೀಸರು ಅಶ್ರುವಾಯು ಬಿಟ್ಟದ್ದು ಮಕ್ಕಳ ಮೇಲೆ. ಮೊಬೈಲ್ ಇಂಟರ್‌ನೆಟ್ಟನ್ನು ಒಂದು ದಿನ ಹಿಡಿದು ನಿಲ್ಲಿಸಿದರು. ಆ ಕತ್ತಲಲ್ಲಿ ಕೊಲೆಯ, ಅತ್ಯಾಚಾರದ ಗಾಳಿಸುದ್ದಿಗಳೂ ಹಾರಾಡಿದವು, ಅವಕ್ಕೆ ಆಧಾರ ಸಿಗಲಿಲ್ಲ. ಈ ದಾಳಿಗಳ ಬಗ್ಗೆ ಟೀವಿಯಲ್ಲಿ ಮಾತಾಡಿದ ಪ್ರಸಿದ್ಧ ಛಾಯಾಗ್ರಾಹಕ ಶಹೀದುಲ್ ಆಲಂ ಅವರನ್ನು ಆಗಸ್ಟ್ 5ರ ರಾತ್ರಿ ಮನೆಯಿಂದ ಎತ್ತಿಕೊಂಡು ಹೋದರು. ಅವರು ಜೈಲಿನಿಂದ ಹೊರಬಂದದ್ದು ನವೆಂಬರ್ 20ಕ್ಕೆ, ನೂರು ದಿನ ದಾಟಿದ ಮೇಲೆ. ಹಾಗೆ ಆ ಆಗಸ್ಟ್ ಎರಡನೇ ವಾರಕ್ಕೆ ರಸ್ತೆ ಖಾಲಿಯಾಯಿತು.

ಸಿಕ್ಕಿದ್ದೆಷ್ಟು?

1983ರ ಹಳೆಯ ಮೋಟಾರು ಕಾನೂನು ಹೋಗಿ ಹೊಸ ರಸ್ತೆ ಸಾರಿಗೆ ಕಾನೂನು ಬಂತು. ಆಗಸ್ಟ್ 6ಕ್ಕೆ ಮಂತ್ರಿಮಂಡಲ ಒಪ್ಪಿತು, ಸೆಪ್ಟೆಂಬರ್ 19ಕ್ಕೆ ಸಂಸತ್ತು ಪಾಸು ಮಾಡಿತು. ವರ್ಷಗಟ್ಟಲೆ ಧೂಳು ತಿನ್ನುತ್ತಿದ್ದ ಕರಡು ಒಂದೂವರೆ ತಿಂಗಳಲ್ಲಿ ಕಾನೂನಾಯಿತು. ನಿರ್ಲಕ್ಷ್ಯದ ಚಾಲನೆಯಿಂದ ಸಾವಾದರೆ ಹಿಂದೆ ಹೆಚ್ಚೆಂದರೆ ಮೂರು ವರ್ಷ ಇದ್ದ ಶಿಕ್ಷೆ ಐದು ವರ್ಷವಾಯಿತು. ಡ್ರೈವರಿಗೆ ಎಂಟನೇ ಕ್ಲಾಸು ಕಡ್ಡಾಯವಾಯಿತು.

ಕೂಡಲೇ ಉತ್ತರ ಬಂತು. ಅಕ್ಟೋಬರ್ 28ರಿಂದ 48 ಗಂಟೆ ಸಾರಿಗೆ ಕಾರ್ಮಿಕರ ಮುಷ್ಕರ. ಎಂಟನೇ ಕ್ಲಾಸು ಬೇಡ, ಐದಕ್ಕೆ ಇಳಿಸಿ, ಎಲ್ಲ ಅಪರಾಧಕ್ಕೂ ಜಾಮೀನು ಕೊಡಿ ಎಂದರು. ರಸ್ತೆಯಲ್ಲಿ ಗಾಡಿ ತೆಗೆದವರ, ಕಾಲೇಜಿನ ಹುಡುಗಿಯರ ಮೇಲೆ ಸುಟ್ಟ ಆಯಿಲ್ ಬಳಿದರು. ಮೌಲವಿಬಜಾರಿನಲ್ಲಿ ತಡೆದು ನಿಲ್ಲಿಸಿದ ಅಂಬುಲೆನ್ಸಿನೊಳಗೆ ಒಂದು ಹಸುಗೂಸು ತೀರಿಕೊಂಡಿತು. ಮಕ್ಕಳು ಅಂಬುಲೆನ್ಸಿಗೆ ಸಾಲು ಬಿಟ್ಟಿದ್ದು ಮೂರು ತಿಂಗಳ ಹಿಂದೆ. ಕಾನೂನು ಜಾರಿಗೆ ಬರಲು 2019ರ ನವೆಂಬರ್ 1 ಆಯಿತು.

ಕುರ್ಮಿಟೋಲಾದ ಕೇಸಿನಲ್ಲಿ 2019ರ ಡಿಸೆಂಬರ್ 1ಕ್ಕೆ ಇಬ್ಬರು ಡ್ರೈವರು, ಒಬ್ಬ ಹೆಲ್ಪರನಿಗೆ ಜೀವಾವಧಿ ಶಿಕ್ಷೆಯಾಯಿತು. ಕಾಲೇಜಿನ ಎದುರು ರಸ್ತೆ ದಾಟಲು ಅಂಡರ್‌ಪಾಸು ಆಯಿತು.

ಸಾವು ನಿಂತಿತೇ? ಇಲ್ಲ. ಎಷ್ಟು ಸಾವು ಎಂಬುದಕ್ಕೇ ಅಲ್ಲಿ ಜಗಳ. 2016ರಲ್ಲಿ ಸತ್ತವರು 2,376 ಎಂದು ಸರ್ಕಾರ ಹೇಳಿದರೆ, ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು 24,954. ಹತ್ತು ಪಟ್ಟು! ಪೋಲೀಸ್ ಠಾಣೆಯ ಪುಸ್ತಕಕ್ಕೆ ಏರದ ಹೆಣಗಳು ಅಷ್ಟು ಎಂದಾಯಿತು. ಸಿನಿಮಾ ನಟ ಇಲಿಯಾಸ್ ಕಾಂಚನ್ 1993ರ ಅಕ್ಟೋಬರ್ 22ರಂದು ಹೆಂಡತಿಯನ್ನು ರಸ್ತೆ ಅಪಘಾತದಲ್ಲಿ ಕಳೆದುಕೊಂಡು, ‘ಸುರಕ್ಷಿತ ರಸ್ತೆ ಬೇಕು’ ಎಂದು ಸಂಘ ಕಟ್ಟಿ ಇಪ್ಪತ್ತೈದು ವರ್ಷ ಕೂಗಿದ್ದು ಇದನ್ನೇ. ಅವರ ಕೂಗಿಗೆ 2017ರಲ್ಲಿ ಸರ್ಕಾರ ಆ ದಿನವನ್ನು ರಾಷ್ಟ್ರೀಯ ದಿನ ಮಾಡಿತು. ದಿನ ಆಚರಿಸುವುದು ಸುಲಭ ನೋಡಿ.

ಹಾಫ್ ಪಾಸ್ ಇಲ್ಲ

ಈಗ ಟಿಕೇಟಿನ ಮಾತು. ಢಾಕಾದ ಬಸ್ಸುಗಳೊಳಗೆ ‘ಹಾಫ್ ಪಾಸ್ ಇಲ್ಲ’ ಎಂದು ಬರೆಸಿ ಇಟ್ಟಿರುತ್ತಿದ್ದರು. ನಮ್ಮಲ್ಲಿ ‘ಇಂದು ನಗದು, ನಾಳೆ ಸಾಲ’ ಎಂದು ಅಂಗಡಿಯಲ್ಲಿ ಬರೆಸುತ್ತಾರಲ್ಲ, ಹಾಗೆ. ನಮ್ಮ ಸರ್ಕಾರಿ ಬಸ್ಸುಗಳಲ್ಲಿ ವಿದ್ಯಾರ್ಥಿ ಪಾಸು ಎಂಬುದು ಬಹಳ ಕಾಲದಿಂದ ಇರುವುದರಿಂದ ನಮಗೆ ಅದರ ಬೆಲೆ ಅಷ್ಟು ಗೊತ್ತಾಗುವುದಿಲ್ಲ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಲ್ಲಿ ಹೆಂಗಸರಿಗೆ ಟಿಕೇಟೂ ಇಲ್ಲವಾಯಿತು. ಢಾಕಾದಲ್ಲಿ ಅರ್ಧ ಟಿಕೇಟು ಎಂಬುದು ರೂಢಿಯಲ್ಲಿ ಇತ್ತು, ಕಾನೂನಿನಲ್ಲಿ ಇರಲಿಲ್ಲ. ರೂಢಿ ಎಂದರೆ ಹೆಲ್ಪರನ ಮರ್ಜಿ.

2021ರ ನವೆಂಬರ್ 4ಕ್ಕೆ ಸರ್ಕಾರ ಡೀಸೆಲ್ ಬೆಲೆಯನ್ನು ಲೀಟರಿಗೆ 65 ಟಾಕಾದಿಂದ 80ಕ್ಕೆ ಏರಿಸಿತು. ಮಾಲೀಕರು ಮುಷ್ಕರ ಹೂಡಿದರು. ಮೂರೇ ದಿನದಲ್ಲಿ ಸರ್ಕಾರ ಬಗ್ಗಿತು. ಢಾಕಾದಲ್ಲಿ ಕಿಲೋಮೀಟರಿಗೆ 1.70 ಟಾಕಾ ಇದ್ದ ದರ 2.15 ಆಯಿತು. ಮಕ್ಕಳಿಗೆ ಒಂಬತ್ತು ದಿನ ಲಾಠಿ, ಮಾಲೀಕರಿಗೆ ಮೂರು ದಿನದಲ್ಲಿ ದರ!

ಅದೇ ತಿಂಗಳು ಮತ್ತೆ ಯೂನಿಫಾರ್ಮುಗಳು ರಸ್ತೆಗೆ ಬಂದವು. ಅರ್ಧ ದರ ಕೊಟ್ಟ ಕಾಲೇಜು ಹುಡುಗಿಯೊಬ್ಬಳಿಗೆ ಬಸ್ಸಿನ ಹೆಲ್ಪರ್ ಬಾಯಿಗೆ ಬಾರದ ಬೆದರಿಕೆ ಹಾಕಿದನೆಂದು ದೂರು ಬಂದು ಬಕ್ಷಿಬಜಾರಿನಲ್ಲಿ ಹುಡುಗಿಯರು ರಸ್ತೆ ತಡೆದರು. ಢಾಕಾದ ಬಸ್ಸಿನಲ್ಲಿ ಹೆಂಗಸರ ಪಾಡು ಮೊದಲೇ ಹೇಳತೀರದು. ನೂರಕ್ಕೆ 94 ಹೆಂಗಸರು ಬಸ್ಸು ಮುಂತಾದವುಗಳಲ್ಲಿ ಒಂದಲ್ಲ ಒಂದು ಕಿರುಕುಳ ಕಂಡವರೇ ಎಂದು ಬ್ರಾಕ್ ಸಂಸ್ಥೆ 2018ರ ಮಾರ್ಚಿನಲ್ಲಿ ವರದಿ ಹೊರಡಿಸಿತ್ತು. ನವೆಂಬರ್ 24ಕ್ಕೆ ಗುಲಿಸ್ತಾನ್ ವೃತ್ತದ ಬಳಿ ನಗರಸಭೆಯ ಕಸದ ಲಾರಿ ನೋಟ್ರೆ ಡೇಮ್ ಕಾಲೇಜಿನ ಹುಡುಗನ ಮೇಲೆ ಹರಿಯಿತು. ಲಾರಿ ಓಡಿಸುತ್ತಿದ್ದವನು ಆ ಕೆಲಸಕ್ಕೆ ನೇಮಕವಾದ ಡ್ರೈವರೇ ಅಲ್ಲ. 29ಕ್ಕೆ ರಾಮ್‌ಪುರಾದಲ್ಲಿ ಇನ್ನೊಬ್ಬ ಹುಡುಗ ಬಸ್ಸಿನಡಿಗೆ ಸಿಕ್ಕಿದ.

ಮಾಲೀಕರ ಸಂಘದ ನಾಯಕರು, ನಮ್ಮ ಬಸ್ ಮಾಲೀಕರಲ್ಲಿ ನೂರಕ್ಕೆ 80 ಮಂದಿ ಬಡವರು ಎಂದರು. ಊರೆಲ್ಲ ನಕ್ಕಿತು. ಪೂರ್ತಿ ನಗುವ ವಿಷಯ ಅಲ್ಲ ಅದು. ಸಾಲ ಮಾಡಿ ಒಂದೇ ಬಸ್ಸು ತೆಗೆದವರು ನಮ್ಮಲ್ಲೂ ಇದ್ದಾರೆ, ಅವರ ಕಂತಿನ ಚಿಂತೆ ಅವರಿಗೆ. ಆದರೆ ಮಕ್ಕಳ ಟಿಕೇಟಿನ ಅರ್ಧ ಯಾರು ಕಟ್ಟಬೇಕು ಎಂಬ ಪ್ರಶ್ನೆಗೆ ಸರ್ಕಾರ ಉತ್ತರಿಸಲೇ ಇಲ್ಲ. ಮಾಲೀಕ ಹೆಲ್ಪರನ ಕಡೆ ನೋಡಿದ, ಹೆಲ್ಪರ್ ಹುಡುಗಿಯನ್ನು ಬೈದ.

ಕೊನೆಗೆ ಸರ್ಕಾರಿ ಬಸ್ಸುಗಳಲ್ಲೂ ಢಾಕಾದ ಖಾಸಗಿ ಬಸ್ಸುಗಳಲ್ಲೂ ಡಿಸೆಂಬರ್ 1ರಿಂದ ಅರ್ಧ ದರ ಒಪ್ಪಿದರು. ಕಂಡೀಷನ್ನು ನೋಡಿ: ಫೋಟೋ ಇರುವ ಕಾರ್ಡು ಬೇಕು, ಬೆಳಿಗ್ಗೆ 7ರಿಂದ ರಾತ್ರಿ 8ರ ತನಕ ಮಾತ್ರ, ರಜಾದಿನ ಇಲ್ಲ, ಖಾಸಗಿಯವರದ್ದು ಢಾಕಾ ನಗರದೊಳಗೆ ಮಾತ್ರ. ಢಾಕಾದ ಹೊರಗಿನ ಮಕ್ಕಳು ಮಕ್ಕಳಲ್ಲವೇ ಎಂದು ಕೇಳಿದ ವಿದ್ಯಾರ್ಥಿಗಳು ಮೂರು ದಿನ ಕಳೆದು ರಾಮ್‌ಪುರಾ ಸೇತುವೆಯಲ್ಲಿ ಫುಟ್‌ಬಾಲ್ ರೆಫರಿಯಂತೆ ಕೆಂಪು ಕಾರ್ಡು ಎತ್ತಿ ಹಿಡಿದರು. ಚಿತ್ತಗಾಂಗಿನಲ್ಲಿ ಆ ತಿಂಗಳಲ್ಲೇ ಅರ್ಧ ದರ ಬಂತು. 1969ರ ಪಟ್ಟಿಗೆ ಸಿಕ್ಕಿದ ಜವಾಬು, 52 ವರ್ಷಕ್ಕೆ, ಅದೂ ಸಂಜೆ ಎಂಟರ ತನಕ.

ಸೀಟಿ ಯಾರ ಬಾಯಲ್ಲಿ

2018ರಲ್ಲಿ ಹದಿನೈದು ವರ್ಷದವರಾಗಿದ್ದ ಮಕ್ಕಳಿಗೆ 2024ರಲ್ಲಿ ಇಪ್ಪತ್ತೊಂದು. ಆ ಜುಲೈಯಲ್ಲಿ ಸರ್ಕಾರಿ ನೌಕರಿಯ ಮೀಸಲಾತಿ ವಿಚಾರಕ್ಕೆ ಎದ್ದ ವಿದ್ಯಾರ್ಥಿ ಚಳವಳಿ ನೂರಾರು ಹೆಣಗಳ ನಡುವೆ ಬೆಳೆದು, ಆಗಸ್ಟ್ 5ಕ್ಕೆ ಹಸೀನಾ ದೇಶ ಬಿಟ್ಟರು. ಅದು ಬೇರೆಯೇ ದೊಡ್ಡ ಕತೆ, ಈ ಅಂಕಣಕ್ಕೆ ಹಿಡಿಸುವುದಲ್ಲ. ಇಲ್ಲಿಗೆ ಬೇಕಾದದ್ದು ಇಷ್ಟು: ಮರುದಿನದಿಂದ ಪೋಲೀಸರು ಠಾಣೆ ಬಿಟ್ಟು ಮಾಯವಾದರು. ಢಾಕಾದ ಯಾವ ವೃತ್ತದಲ್ಲೂ ಟ್ರಾಫಿಕ್ಕಿನವರಿಲ್ಲ. ಆಗ ಸೀಟಿ, ಕೋಲು ಹಿಡಿದು ಬಿಸಿಲಲ್ಲಿ ನಿಂತವರು ಮತ್ತೆ ವಿದ್ಯಾರ್ಥಿಗಳೇ. ಹೆಲ್ಮೆಟ್ ಇಲ್ಲದ ಬೈಕು ನಿಲ್ಲಿಸಿದರು, ರಿಕ್ಷಾಗಳಿಗೆ ಮತ್ತೆ ಸಾಲು ಮಾಡಿದರು. ಪೋಲೀಸರು ಹಿಂದೆ ಬರುವ ತನಕ, ಸುಮಾರು ಒಂದು ವಾರ, ಆ ಮಹಾನಗರದ ಟ್ರಾಫಿಕ್ ನಡೆದದ್ದು ಹೀಗೆ. ಆಮೇಲೆ ಸರ್ಕಾರ ಕೆಲವು ವಿದ್ಯಾರ್ಥಿಗಳನ್ನು ಭತ್ಯೆ ಕೊಟ್ಟು ಅದೇ ಕೆಲಸಕ್ಕೆ ಸೇರಿಸಿಕೊಂಡಿತು.

ಇನ್ನು ರೇಸಿನ ಬುಡಕ್ಕೆ ಯಾರಾದರೂ ಕೈ ಹಾಕಿದರೇ ಎಂದರೆ, ಹಾಕಿದರು. ಢಾಕಾ ಉತ್ತರದ ಮೇಯರಾಗಿದ್ದ ಅನಿಸುಲ್ ಹಕ್, ನೂರೆಂಟು ಮಾಲೀಕರ ಬಸ್ಸುಗಳನ್ನು ಕೆಲವೇ ಕಂಪನಿಗಳಲ್ಲಿ ಕೂಡಿಸಿ ಕಲೆಕ್ಷನನ್ನು ಹಂಚಿಕೊಳ್ಳೋಣ, ಆಗ ಡ್ರೈವರು ಡ್ರೈವರನ್ನು ಅಟ್ಟಿಸಿಕೊಂಡು ಹೋಗುವುದು ನಿಲ್ಲುತ್ತದೆ ಎಂದು ಓಡಾಡಿದ್ದರು. 2017ರಲ್ಲಿ ತೀರಿಕೊಂಡರು. 2021ರ ಡಿಸೆಂಬರ್ 26ಕ್ಕೆ ಘಾಟಾರ್‌ಚರದಿಂದ ಕಾಂಚ್‌ಪುರಕ್ಕೆ ‘ಢಾಕಾ ನಗರ ಪರಿಬಹನ್’ ಎಂದು ಆ ಲೆಕ್ಕದಲ್ಲೇ ಬಸ್ಸು ಬಿಟ್ಟರು. ಅದೇ ರೂಟಿನಲ್ಲಿ ಹಳೇ ಬಸ್ಸುಗಳೂ ಓಡಿ ಜನ ಕಿತ್ತುಕೊಂಡವು, ಹೊಸ ಬಸ್ಸು ಸೊರಗಿತು.

2025ರ ಫೆಬ್ರವರಿಯಲ್ಲಿ ಮತ್ತೊಮ್ಮೆ ಕೈ ಹಾಕಿದರು. ಅಬ್ದುಲ್ಲಾಪುರದ ಕಡೆಯಿಂದ ನಗರಕ್ಕೆ ಬರುವ 21 ಕಂಪನಿಗಳ ಬಸ್ಸಿಗೆ ಗುಲಾಬಿ ಬಣ್ಣ ಬಳಿದು, ಟಿಕೇಟು ಕೌಂಟರಿನಲ್ಲೇ ಕೊಳ್ಳಬೇಕು, ಬಸ್ಸು ನಿಗದಿಯ ಸ್ಟಾಪಿನಲ್ಲೇ ನಿಲ್ಲಬೇಕು, ಡ್ರೈವರಿಗೆ ಗುತ್ತಿಗೆ ಲೆಕ್ಕ ಬೇಡ ಎಂದರು. ವಾರ ಕಳೆಯುವ ಮೊದಲೇ ರಸ್ತೆ ತಡೆ ನಡೆಯಿತು. ಈ ಸಲ ತಡೆದವರು ಯೂನಿಫಾರ್ಮಿನ ಮಕ್ಕಳಲ್ಲ, ಬಸ್ಸಿನ ಡ್ರೈವರು ಹೆಲ್ಪರುಗಳು. ಕೌಂಟರಿನಿಂದ ಬರುವ ದುಡ್ಡಿನಲ್ಲಿ ನಮಗೆ ಹೊಟ್ಟೆ ತುಂಬುವುದಿಲ್ಲ, ಹಳೇ ಗುತ್ತಿಗೆಯನ್ನೇ ಕೊಡಿ ಎಂಬುದು ಅವರ ಬೇಡಿಕೆ.

ಇದನ್ನೆಲ್ಲ ಹಣ್ಣಿನಂಗಡಿಯವರಿಗೆ ಹೇಳಿ ಮುಗಿಸುವಷ್ಟರಲ್ಲಿ ಟೈಮ್ ಕೀಪರನ ಎದುರಿನ ಜಗಳ ತೀರಿತ್ತು. ಮುಂದಿನ ಬಸ್ಸು ಹೊರಟಿತು, ಅದರ ಬೆನ್ನಿಗೇ ಹಿಂದಿನದ್ದೂ ಹೊರಟಿತು. ಕಾಲೇಜು ಹುಡುಗ ಕೈ ಎತ್ತಿದ. ಎರಡೂ ನಿಲ್ಲಿಸಲಿಲ್ಲ.